ಕಿಂಡಿಯೂ ಕಹಳೆಯೂ

ಶಾಲೆಯಿಂದ ಪ್ರವಾಸ ಹೊರಡುವ ಮುಂಚೆ ಮಕ್ಕಳ ಕೈಗೆ ಒಂದು ಅಚ್ಚು ಹಾಕಿಸಿದ ಕಾಗದ ಕೊಟ್ಟು ಕಳಿಸುವ ಪದ್ಧತಿಯಿದೆ. ಅದಕ್ಕೆ ಒಪ್ಪಿಗೆ ಪತ್ರವೆಂದು ಹೆಸರು. ಮಕ್ಕಳನ್ನು ಓದಿಸಿದ ಯಾವ ತಾಯಿಗೂ ಅದು ಹೊಸದಲ್ಲ. ಮಗುವಿನ ಹೆಸರು, ತರಗತಿ, ಹೋಗುವ ಊರು, ಕಟ್ಟಬೇಕಾದ ಹಣ ಎಲ್ಲ ಆದ ಮೇಲೆ ಕಡೆಯಲ್ಲಿ ಒಂದು ಸಾಲು ಇರುತ್ತದೆ: ಪ್ರವಾಸದ ಸಮಯದಲ್ಲಿ ಏನಾದರೂ ಅನಾಹುತ ಸಂಭವಿಸಿದಲ್ಲಿ ಅದಕ್ಕೆ ಶಾಲೆಯವರಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ. ಅದರ ಕೆಳಗೆ ಚುಕ್ಕೆಚುಕ್ಕೆಯ ಗೆರೆ, ಪೋಷಕರ ಸಹಿ. ಬೆಳಗಿನ ಗಡಿಬಿಡಿಯಲ್ಲಿ ಊಟದ ಡಬ್ಬಿಯ ಮುಚ್ಚಳದ ಮೇಲೆ ಆ ಕಾಗದವನ್ನಿಟ್ಟುಕೊಂಡು ನಾವೆಲ್ಲ ಸಹಿ ಹಾಕಿದವರೇ. ಆ ಸಾಲನ್ನು ನಿಂತು ಓದಿದವರು ಕಡಿಮೆ. ಓದಿದರೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಶಾಲೆಯವರಲ್ಲ, ಶಿಕ್ಷಕರಲ್ಲ, ಮನೆಯವರಂತೂ ಅಲ್ಲಿ ಇರುವುದೇ ಇಲ್ಲ. ಹಾಗಾದರೆ ಜವಾಬ್ದಾರರು ಯಾರು?

ಈ ವರ್ಷ ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವ ಏರ್ಪಾಟು ನನ್ನ ಪಾಲಿಗೆ ಬಂದಿದೆ. ನಾನು ಅವರಿಗೆ ಕನ್ನಡವನ್ನೂ ಸಮಾಜವನ್ನೂ ಪಾಠ ಮಾಡುವವಳು. ನಮ್ಮದು ತಿಪಟೂರು ಕಡೆಯ ಸಣ್ಣ ಊರು. ಹುಳಿಯಾರು, ಹಿರಿಯೂರಿನ ಮೇಲೆ ಹೋದರೆ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಪ್ರವಾಸದ ಏರ್ಪಾಟು ಎಂದರೆ ಮದುವೆ ಮನೆಯ ಪಟ್ಟಿಯಂತೆಯೇ. ಇಲಾಖೆಯ ಅನುಮತಿ, ಸಾರಿಗೆ ಬಸ್ಸಿನ ಮುಂಗಡ, ಬೆಳಗಿನ ತಿಂಡಿಗೆ ಚಿತ್ರಾನ್ನವೋ ಪಲಾವೋ, ಮಧ್ಯಾಹ್ನಕ್ಕೆ ಕೆಡದಂಥ ಬುತ್ತಿ, ಕುಡಿಯುವ ನೀರಿನ ಕ್ಯಾನು, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ನಿಂಬೆಹಣ್ಣು, ಹೆಣ್ಣುಮಕ್ಕಳಿಗೆ ಬೇಕಾಗಬಹುದಾದ ಪ್ಯಾಡು, ಡೆಟಾಲು, ಹತ್ತಿ, ಬ್ಯಾಂಡೇಜು. ಕೋಟೆ ಪುರಾತತ್ವ ಇಲಾಖೆಗೆ ಸೇರಿದ್ದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೇಟಿಲ್ಲ. ಅಷ್ಟರಮಟ್ಟಿಗೆ ತಂದೆತಾಯಿಯರ ಕಿಸೆಗೆ ಹಗುರ. ಇವನ್ನೆಲ್ಲ ಬರೆದುಕೊಂಡು ಪುಟದ ಕೊನೆಗೆ ಬಂದಾಗಲೆಲ್ಲ ಆ ಒಂದು ಸಾಲು ಎದುರಿಗೆ ಬಂದು ನಿಲ್ಲುತ್ತದೆ.

ಹಾಗೆ ನೋಡಿದರೆ ಕೋಟೆ ಎನ್ನುವುದೇ ಈ ಪ್ರಶ್ನೆಗೆ ಮನುಷ್ಯ ಕಲ್ಲಿನಲ್ಲಿ ಬರೆದ ಉತ್ತರ. ಕಾಯುವವರು ಯಾರು, ಎಲ್ಲಿ ನಿಂತು ಕಾಯಬೇಕು, ಯಾರ ಕಣ್ಣು ಯಾವ ದಾರಿಯ ಮೇಲಿರಬೇಕು ಎಂಬುದನ್ನು ಮೊದಲೇ ಯೋಚಿಸಿ ಕಟ್ಟಿದ್ದು. ಚಿತ್ರದುರ್ಗಕ್ಕೆ ಏಳು ಸುತ್ತಿನ ಕೋಟೆಯೆಂದು ಹೆಸರು. ಅಲ್ಲಿನ ಬೆಟ್ಟಗಳ ದೊಡ್ಡ ದೊಡ್ಡ ಬಂಡೆಗಳನ್ನೇ ಗೋಡೆಯೆಂದು ಇಟ್ಟುಕೊಂಡು, ಬಂಡೆ ಮತ್ತು ಬಂಡೆಯ ನಡುವೆ ಬಿಟ್ಟ ಜಾಗಕ್ಕೆ ಕಲ್ಲು ಕಟ್ಟಿ ಮುಚ್ಚಿದ್ದಾರೆ. ಬಾಗಿಲುಗಳು ನೇರವಾಗಿ ಒಂದರ ಹಿಂದೆ ಒಂದಿಲ್ಲ. ದಾರಿ ತಿರುವಿ ತಿರುವಿ ಒಳಗೆ ಹೋಗುತ್ತದೆ. ಒಳಗೆ ನುಗ್ಗಿದ ಶತ್ರುವಿಗೆ ಮುಂದಿನ ಬಾಗಿಲು ಕಾಣಬಾರದು, ಆನೆಗೆ ಓಡಿ ಬಂದು ಗುದ್ದುವಷ್ಟು ಜಾಗ ಸಿಗಬಾರದು ಎಂಬ ಲೆಕ್ಕ. ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಎಲ್ಲರ ಕಾಲದ ಕುರುಹುಗಳೂ ಆ ಬೆಟ್ಟದ ಮೇಲಿವೆ. ವಿಜಯನಗರದ ಅರಸರ ಕಾಲದಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ಪಾಳೆಯಗಾರರ ವಂಶ ಇನ್ನೂರು ವರ್ಷಕ್ಕೂ ಮಿಕ್ಕಿ ಅಲ್ಲಿಂದ ಆಳಿತು. ಕೊನೆಯ ಮದಕರಿ ನಾಯಕನ ಕಾಲದಲ್ಲಿ, 1779ರಲ್ಲಿ, ಕೋಟೆ ಹೈದರಾಲಿಯ ವಶವಾಯಿತು. ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆತ ಅಲ್ಲೇ ತೀರಿಕೊಂಡ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದವರಿಗೆ ಈ ಕಥೆಯನ್ನು ನಾನು ಹೇಳಬೇಕಾಗಿಲ್ಲ. ಆ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದನ್ನು ಬರೆದ ಕೈ ಇರಲಿಲ್ಲ.

ಮಕ್ಕಳಿಗೆ ತೋರಿಸಬೇಕೆಂದು ನಾನು ಪಟ್ಟಿ ಮಾಡಿಕೊಂಡಿರುವ ಜಾಗಗಳಲ್ಲಿ ಮೊದಲಿನದು ಮದ್ದು ಬೀಸುವ ಕಲ್ಲುಗಳು. ಮನೆಯ ಬೀಸುವ ಕಲ್ಲನ್ನೇ ಕಾಣದ ಮಕ್ಕಳಿಗೆ ಸಿಡಿಮದ್ದು ಅರೆದ ಆ ಭಾರೀ ಕಲ್ಲುಗಳನ್ನು ನೋಡಿದರೆ ಯುದ್ಧವೆಂದರೆ ಕತ್ತಿ ಝಳಪಿಸುವುದು ಮಾತ್ರವಲ್ಲ, ಅದರ ಹಿಂದೆ ಬೀಸುವ, ಅರೆಯುವ, ಹೊರುವ ಕೆಲಸ ಇರುತ್ತದೆ ಎಂದು ಗೊತ್ತಾದೀತು. ಎರಡನೆಯದು ನೀರಿನ ಏರ್ಪಾಟು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆಯ ಆ ಸೀಮೆಯಲ್ಲಿ ಬಿದ್ದ ಹನಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಉಳಿಸಿಕೊಂಡ ಜಾಣತನ ಅದು. ಮೂರನೆಯದನ್ನು ನಾನು ಪಟ್ಟಿಯಲ್ಲಿ ಬರೆಯದಿದ್ದರೂ ಮಕ್ಕಳು ಬಿಡುವುದಿಲ್ಲ. ಅದು ಓಬವ್ವನ ಕಿಂಡಿ.

ಓಬವ್ವನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? 1972ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಒನಕೆ ಹಿಡಿದು ನಿಂತದ್ದನ್ನು ನೋಡಿ ಬೆಳೆದ ತಲೆಮಾರು ನಮ್ಮದು. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ನ್ನು ಸರ್ಕಾರವೇ ಅವಳ ಜಯಂತಿಯೆಂದು ಆಚರಿಸುತ್ತಿದೆ. ಆದರೂ ತರಗತಿಯಲ್ಲಿ ಮತ್ತೊಮ್ಮೆ ಹೇಳಿದೆ. ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿದ್ದ ಕಾಲ. ಬಂಡೆಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಇತ್ತು. ಅಲ್ಲಿನ ಕಾವಲುಗಾರ ಕಹಳೆ ಮುದ್ದ ಹನುಮ ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದಿದ್ದ. ಅವನಿಗೆ ಬಡಿಸಿ, ಕುಡಿಯುವ ನೀರು ತರಲು ಅವನ ಹೆಂಡತಿ ಓಬವ್ವ ತಣ್ಣೀರು ದೋಣಿಗೆ ಹೋದಳು. ಸಂದಿನೊಳಗಿಂದ ಶತ್ರುಗಳು ಒಬ್ಬೊಬ್ಬರಾಗಿ ತೂರಿಕೊಂಡು ಬರುವುದನ್ನು ಕಂಡಳು. ಊಟ ಮಾಡುತ್ತಿರುವ ಗಂಡನನ್ನು ಎಬ್ಬಿಸಬಾರದೆಂದು, ಮನೆಯ ಒನಕೆ ತಂದು, ತಲೆ ಹಾಕಿದವನ ತಲೆಗೆ ಹೊಡೆದು, ಹೆಣವನ್ನು ಪಕ್ಕಕ್ಕೆಳೆದು, ಮತ್ತೊಬ್ಬನಿಗೆ ಕಾದಳು. ಊಟ ಮುಗಿಸಿ ಬಂದ ಗಂಡ ರಾಶಿ ಬಿದ್ದ ಹೆಣಗಳನ್ನೂ ರಕ್ತ ಸುರಿಯುವ ಒನಕೆಯನ್ನೂ ಕಂಡು ದಿಗ್ಭ್ರಮೆಗೊಂಡು ಕಹಳೆ ಊದಿದ. ಕೋಟೆಯ ಸೈನಿಕರು ಓಡಿ ಬಂದರು. ಅಂದಿನ ಮಟ್ಟಿಗೆ ದುರ್ಗ ಉಳಿಯಿತು. ಓಬವ್ವ ಉಳಿಯಲಿಲ್ಲ.

ಕಥೆ ಮುಗಿದ ಮೇಲೆ ಹುಡುಗರು ಎಂದಿನಂತೆ, ಎಷ್ಟು ಜನರನ್ನು ಕೊಂದಳು ಮೇಡಮ್, ಎಂದು ಕೇಳಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಹೆಚ್ಚು ಮಾತಾಡುವವಳಲ್ಲ, ಎದ್ದು ನಿಂತು ಬೇರೆಯೇ ಒಂದು ಪ್ರಶ್ನೆ ಕೇಳಿದಳು: “ಮೇಡಮ್, ಅವಳು ಯಾಕೆ ಗಂಡನ್ನ ಕೂಗಲಿಲ್ಲ? ಕಾವಲು ಅವನದಲ್ವಾ?”

ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಎಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಮಾತು. ಅದರಲ್ಲಿ ಅನ್ನದ ಮೇಲಿನ ಗೌರವವಿದೆ, ಹಸಿದವನ ಮೇಲಿನ ಕರುಣೆಯಿದೆ. ಅದನ್ನು ಹಗುರವಾಗಿ ತಳ್ಳಿಹಾಕುವವಳು ನಾನಲ್ಲ. ಆದರೆ ಆ ಮಾತಿಗೆ ಇನ್ನೊಂದು ಮುಖವಿರುವುದನ್ನೂ ಕಂಡಿದ್ದೇನೆ. ನಾನು ಚಿಕ್ಕವಳಿದ್ದಾಗ ಒಂದು ಹಬ್ಬದ ದಿನ, ಗಂಡಸರ ಪಂಕ್ತಿ ಕೂತಿತ್ತು. ನಮ್ಮಮ್ಮನ ಪಾದದ ಮೇಲೆ ಕುದಿಯುವ ಸಾರು ಚೆಲ್ಲಿತು. ಅಮ್ಮ ತುಟಿ ಕಚ್ಚಿಕೊಂಡರು. ಸೌಟು ನನ್ನ ಚಿಕ್ಕಮ್ಮನ ಕೈಗೆ ಕೊಟ್ಟು, ಹಿತ್ತಿಲ ಬಾಗಿಲಲ್ಲಿ ಕೂತು ಕಾಲಿಗೆ ತಣ್ಣೀರು ಸುರಿದುಕೊಂಡರು. ಮಜ್ಜಿಗೆ ಅನ್ನ ಮುಗಿದು ಪಂಕ್ತಿ ಏಳುವವರೆಗೆ ಒಂದು ಮಾತಾಡಲಿಲ್ಲ. ಆಮೇಲೆ ಎಷ್ಟೋ ವರ್ಷ ನಮ್ಮ ಬಂಧುಬಳಗದಲ್ಲಿ ಅದನ್ನು ಹೊಗಳಿ ಹೇಳುತ್ತಿದ್ದರು. “ಆ ಅತ್ತಿಗೆಯ ಸಹನೆ ನೋಡಿ, ಹಬ್ಬದ ಊಟ ಕೆಡಲಿಲ್ಲ” ಎನ್ನುತ್ತಿದ್ದರು. ಆ ಗಾಯ ಮಾಯಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದವರನ್ನು ನಾನು ಕಾಣೆ.

ಹೊಣೆ ಎನ್ನುವುದು ಎರಡು ಬಗೆಯಲ್ಲಿ ನಮ್ಮ ಹೆಗಲೇರುತ್ತದೆ. ಒಂದು, ಒಪ್ಪಿಸಿದ್ದು. ಸಂಬಳ ಕೊಟ್ಟು, ಹೆಸರು ಬರೆದು, ಇಲ್ಲಿ ನಿಂತು ಕಾಯಿ ಎಂದು ಹೇಳಿದ್ದು. ಮುದ್ದ ಹನುಮನದು ಆ ಬಗೆಯದು. ಇನ್ನೊಂದು, ಕಂಡದ್ದರಿಂದ ಬರುವುದು. ಯಾರೂ ಒಪ್ಪಿಸಿಲ್ಲ, ಆದರೆ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಕಾಣದವರಂತೆ ತಿರುಗಿ ಹೋಗಲು ಮನಸ್ಸು ಬರುವುದಿಲ್ಲ. ಓಬವ್ವನದು ಈ ಎರಡನೆಯದು. ಅವಳು ಅರಮನೆಯವಳಲ್ಲ, ಸೈನ್ಯದವಳಲ್ಲ, ನೀರಿಗೆ ಬಂದವಳು. ಕೈಯಲ್ಲಿ ಕೊಡ ಹಿಡಿದವಳ ಕಣ್ಣಿಗೆ ಕೋಟೆಯ ಅಪಾಯ ಬಿತ್ತು, ಅಷ್ಟೆ. ನೀತಿಯ ದೃಷ್ಟಿಯಿಂದ ಈ ಎರಡನೆಯ ಹೊಣೆಯೇ ದೊಡ್ಡದು ಎಂದು ನಾನು ಮಕ್ಕಳಿಗೆ ಹೇಳುತ್ತ ಬಂದವಳು. ರಸ್ತೆಯಲ್ಲಿ ಬಿದ್ದವನನ್ನು ಎತ್ತುವುದಕ್ಕೆ ನೇಮಕದ ಆದೇಶ ಬೇಕಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಆದರೆ ಹುಡುಗಿಯ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು. ಯಾವಾಗಲೂ ಕಣ್ಣಿಗೆ ಬೀಳುವುದು ಯಾರಿಗೆ? ಗ್ಯಾಸಿನ ಗುಂಡಿ ಆರಿಸಿದೆಯೋ ಇಲ್ಲವೋ ಎಂದು ರಾತ್ರಿ ಎದ್ದು ನೋಡುವುದು ಯಾರು? ಮಾವನವರ ಬಿ.ಪಿ. ಮಾತ್ರೆ ಮುಗಿಯಲು ಎರಡೇ ದಿನವಿದೆ ಎಂದು ತಿಳಿದಿರುವುದು ಯಾರಿಗೆ? ಮಗಳ ಮುಖ ಬಾಡಿದ್ದನ್ನು, ಪಕ್ಕದ ಮನೆಯ ಅಜ್ಜಿ ಎರಡು ದಿನದಿಂದ ಅಂಗಳಕ್ಕೆ ಬಾರದ್ದನ್ನು ಗಮನಿಸುವುದು ಯಾರು? ಇವು ಯಾವುವೂ ಒಪ್ಪಿಸಿದ ಕೆಲಸಗಳಲ್ಲ. ನೀರಿಗೆ ಹೋದವರಿಗೇ ಕಿಂಡಿ ಕಾಣುತ್ತದೆ. ಮನೆಯ ನೀರು-ನಿಡಿ ಎಲ್ಲ ನಮ್ಮ ಪಾಲಿಗೇ ಇರುವುದರಿಂದ ಕಿಂಡಿಗಳೂ ನಮಗೇ ಕಾಣುತ್ತವೆ. ನಮ್ಮ ಕಣ್ಣು ಹೆಚ್ಚು ಚುರುಕೆಂದಲ್ಲ, ನಾವು ನಿಂತಿರುವ ಜಾಗ ಅಂಥದು.

ಹೀಗೆ ಕಂಡವರೇ ಮಾಡುತ್ತ ಹೋದರೆ ಒಂದು ಮಾತು ಹುಟ್ಟಿಕೊಳ್ಳುತ್ತದೆ. ನೀವೂ ಅದನ್ನು ಕೇಳಿರುತ್ತೀರಿ: “ನೀವಿದ್ದೀರಲ್ಲ, ಇನ್ನೇನು ಯೋಚನೆ!” ಪ್ರವಾಸದ ಮಾತು ಎದ್ದಾಗ ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ಅದೇ ಮಾತು ಬಂತು. ಯಾರು ಯಾವ ಗುಂಪನ್ನು ನೋಡಿಕೊಳ್ಳಬೇಕು ಎಂದು ಕೇಳಿದೆ. ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ, “ಮೇಡಮ್ ಇದ್ದಾರಲ್ಲ, ನಾವೆಲ್ಲ ನೆಪಕ್ಕೆ ಜೊತೆಗಿರ್ತೀವಿ” ಎಂದರು. ಉಳಿದವರು ತಲೆಯಾಡಿಸಿದರು. ಅದು ಹೊಗಳಿಕೆಯೇ, ಅನುಮಾನವಿಲ್ಲ. ಆದರೆ ಆ ಹೊಗಳಿಕೆಯ ಜೊತೆಗೆ ನಲವತ್ತೆರಡು ಮಕ್ಕಳೂ ನನ್ನ ಮಡಿಲಿಗೆ ಬಂದು ಬಿದ್ದಿದ್ದರು. ಒಪ್ಪಿಗೆ ಪತ್ರದ ಕಡೆಯ ಸಾಲಿಗೂ ಈ ಮಾತಿಗೂ ನಡುವೆ ಹೆಚ್ಚು ದೂರವಿಲ್ಲ ಎಂದು ಆಗ ನನಗೆ ತೋರಿತು. ಒಂದು, ನಾವು ಯಾರೂ ಜವಾಬ್ದಾರರಲ್ಲ ಎನ್ನುತ್ತದೆ. ಇನ್ನೊಂದು, ನೀನೊಬ್ಬಳೇ ಜವಾಬ್ದಾರಳು ಎನ್ನುತ್ತದೆ. ಎರಡರಲ್ಲಿಯೂ ಉಳಿದವರು ನಿಶ್ಚಿಂತೆಯಿಂದ ಊಟ ಮಾಡಬಹುದು.

ಇದು ಬರಿಯ ತರ್ಕದ ಮಾತಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆ ತಾಯಂದಿರು ಕಟ್ಟಿ ಕಳಿಸಿದ್ದ ಬುತ್ತಿ ಕಣ್ಣ ಮುಂದೆ ಬರುತ್ತಿತ್ತು. ಅಂದಿನಿಂದ ಪ್ರವಾಸವೆಂದರೆ ಶಿಕ್ಷಕರು ಹಿಂಜರಿಯುತ್ತಾರೆ. ಅವರ ಭಯ ಸುಳ್ಳಲ್ಲ. ದುರ್ಗದ ಬೆಟ್ಟದಲ್ಲಿ ಕಡಲಿಲ್ಲ, ಆದರೆ ಹೊಂಡಗಳಿವೆ, ಜಾರುವ ಬಂಡೆಗಳಿವೆ, ತಡೆಗೋಡೆಯಿಲ್ಲದ ಅಂಚುಗಳಿವೆ. ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ಮೊಬೈಲಿನಲ್ಲಿ ನೋಡದ ಹುಡುಗ ನಮ್ಮ ತರಗತಿಯಲ್ಲಿಲ್ಲ. ಅವರ ವರ್ಷಗಟ್ಟಲೆಯ ಅಭ್ಯಾಸ ಈ ಹುಡುಗರ ಕಣ್ಣಿಗೆ ಬಿದ್ದಿಲ್ಲ, ಹತ್ತಿದ್ದು ಮಾತ್ರ ಬಿದ್ದಿದೆ. ಯಾರಾದರೊಬ್ಬ ಮೊದಲ ಬಾಗಿಲು ದಾಟುವುದರೊಳಗೆ ಚಪ್ಪಲಿ ಕಳಚಿ ಗೋಡೆಗೆ ಕೈಯಿಕ್ಕುತ್ತಾನೆಂದು ನಾನು ಈಗಲೇ ಹೇಳಬಲ್ಲೆ.

ಹಾಗಾದರೆ ಹೋಗುವುದೇ ಬೇಡ, ಊರ ದೇವಸ್ಥಾನದ ಬಯಲಿನಲ್ಲಿ ಬುತ್ತಿ ಬಿಚ್ಚಿ ತಿಂದು ಬರೋಣ ಎಂದವರೂ ಇದ್ದರು. ಅವರ ಮಾತಿನಲ್ಲಿ ಕಾಳಜಿ ಇತ್ತು. ಆದರೆ ಹೋಗದೆ ಉಳಿಯುವುದರಿಂದ ನಷ್ಟವೇ ಇಲ್ಲವೆನ್ನಲಾಗದು. ನಷ್ಟ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ, ಅಷ್ಟೆ. ಹುಡುಗರು ಹೇಗೂ ಇನ್ನೆರಡು ವರ್ಷಕ್ಕೆ ಸ್ನೇಹಿತರ ಬೈಕ್ ಹತ್ತಿ ದುರ್ಗ ನೋಡಿ ಬರುತ್ತಾರೆ. ಹುಡುಗಿಯರಲ್ಲಿ ಹಲವರಿಗೆ ಶಾಲೆಯ ಬಸ್ಸು ತಪ್ಪಿದರೆ ಮದುವೆಯಾಗಿ ಗಂಡನ ಮನೆಯವರು ಯಾವತ್ತಾದರೂ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಪಾಡುವ ಗೋಡೆಗೂ ಕೂಡಿಹಾಕುವ ಗೋಡೆಗೂ ಕಲ್ಲು ಒಂದೇ. ಯಾವುದು ಯಾವುದೆಂದು ಹೇಳಬೇಕಾದರೆ ಒಳಗಿರುವವರನ್ನು ಕೇಳಬೇಕು.

ಪ್ರಶ್ನೆ ಕೇಳಿದ ಆ ಹುಡುಗಿಯ ತಾಯಿ ಒಂದು ಸಂಜೆ ಶಾಲೆಯ ಗೇಟಿನ ಹತ್ತಿರ ಕಾದಿದ್ದರು. ಗಾರ್ಮೆಂಟ್ಸಿನ ಕೆಲಸ ಮುಗಿಸಿ ನೇರ ಬಂದಿದ್ದರು. ಕೈಯಲ್ಲಿ ಅದೇ ಕಾಗದ, ಸಹಿಯಿಲ್ಲ.

“ಅವರಪ್ಪ ಬ್ಯಾಡ ಅಂತಾರೆ ಮೇಡಮ್. ಹೆಣ್ಣುಡುಗಿ, ಬೆಟ್ಟ ಗುಡ್ಡ ಅಂತಾರೆ. ಇದರಾಗೆ ನೀವು ಜವಾಬ್ದಾರಿ ಅಲ್ಲ ಅಂತ ಬರೆದೈತೆ. ನೀವು ಬಾಯ್ಮಾತಲ್ಲಿ ಜವಾಬ್ದಾರಿ ನಂದು ಅಂದ್ರೆ ಸಾಕು, ನಾನು ಹೆಂಗಾರ ಮಾಡಿ ಕಳಿಸ್ತೀನಿ.”

ಆಕೆ ಮುದ್ರಿಸಿದ ಸಾಲನ್ನು ಪಕ್ಕಕ್ಕಿಟ್ಟು ಒಂದು ಬಾಯಿಮಾತನ್ನು ನಂಬಲು ತಯಾರಿದ್ದರು. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. “ನಂದೊಬ್ಬಳದೇ ಅಲ್ಲಮ್ಮ, ನಾವು ಐದು ಜನದ್ದು. ಯಾರು ನಿಮ್ಮ ಮಗಳ ಜೊತೆ ಇರ್ತಾರೆ ಅಂತ ಹೆಸರು ಬರೆದೇ ಕಳಿಸ್ತೀನಿ, ಇನ್ನೆರಡು ದಿನ ತಡೀರಿ” ಎಂದೆ. ಆಕೆ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಮರುದಿನ ಮುಖ್ಯೋಪಾಧ್ಯಾಯರ ಮುಂದೆ ಕೂತು ಆ ಸಾಲನ್ನು ತೆಗೆಯೋಣ ಎಂದೆ. ಎಲ್ಲ ಶಾಲೆಗಳಲ್ಲೂ ಇರೋದೇ ಮೇಡಮ್, ನಮಗೆ ಒಂದು ರಕ್ಷಣೆ ಬೇಡವೇ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾಳೆ ಏನಾದರೂ ಆದರೆ ಮೊದಲು ಉತ್ತರ ಕೊಡಬೇಕಾದವರು ಅವರೇ. ಆದರೆ ಆ ಸಾಲು ನಮ್ಮನ್ನು ಯಾವುದರಿಂದ ರಕ್ಷಿಸುತ್ತದೆ? ಮಗುವಿಗೆ ಏನಾದರೂ ಆದರೆ ಪೋಷಕರ ಸಹಿ ತೋರಿಸಿ ಮನೆಗೆ ಹೋಗಿ ಮಲಗಲು ನಮ್ಮಲ್ಲಿ ಯಾರಿಗೂ ಸಾಧ್ಯವಿಲ್ಲ. ಆ ಸಾಲು ಮಾಡುವ ಕೆಲಸ ಒಂದೇ. ಹೊರಡುವ ಮುಂಚೆಯೇ ನಮ್ಮ ಎಚ್ಚರವನ್ನು ಒಂದು ಕೂದಲೆಳೆಯಷ್ಟು ಸಡಿಲಿಸುತ್ತದೆ. ಒಂದು ಗಂಟೆ ಮಾತಾಡಿದೆವು. ಕೊನೆಗೆ ಆ ಜಾಗದಲ್ಲಿ ಬೇರೆ ನಾಲ್ಕು ಸಾಲು ಬಂದವು. ಪ್ರತಿ ಒಂಬತ್ತು ಹತ್ತು ಮಕ್ಕಳಿಗೆ ಒಬ್ಬರು ಶಿಕ್ಷಕರು, ಅವರ ಹೆಸರು. ಜೊತೆಗೆ ಬರುವ ಒಬ್ಬರು ತಾಯಿಯ ಹೆಸರು. ಹೊಂಡಗಳ ಹತ್ತಿರ ಯಾರು ನಿಲ್ಲುತ್ತಾರೆ, ಕೊನೆಯಲ್ಲಿ ಯಾರು ನಡೆಯುತ್ತಾರೆ ಎಂಬುದು. ಪೋಷಕರು ಮಗುವಿನ ಕಾಯಿಲೆ, ಔಷಧಿಯ ವಿಷಯ ಮುಚ್ಚಿಡದೆ ತಿಳಿಸಬೇಕೆಂಬುದು. ಅಂದರೆ ಅವರ ಪಾಲಿನ ಹೊಣೆಯನ್ನೂ ಬರೆದೆವು. ನೆಪಕ್ಕೆ ಬರುತ್ತೇನೆಂದ ಸಹೋದ್ಯೋಗಿಯ ಹೆಸರು ಗೋಪಾಲಸ್ವಾಮಿ ಹೊಂಡದ ಎದುರಿಗೆ ಬಿದ್ದಿದೆ. ಅವರು ಕಾಗದವನ್ನು ಎರಡು ಸಲ ಓದಿ, “ಅಲ್ಲಿ ಮೆಟ್ಟಿಲು ಹೆಂಗಿದೆ ಮೇಡಮ್, ಪಾಚಿ ಇರ್ತದಾ?” ಎಂದು ಕೇಳಿದರು. ಹೆಸರು ಬರೆದ ಮೇಲೆ ಅವರಿಗೂ ಕಿಂಡಿ ಕಾಣತೊಡಗಿತು. ಎರಡು ದಿನ ಕಳೆದು ಆ ಹುಡುಗಿ ಹೊಸ ಕಾಗದವನ್ನು ತಂದುಕೊಟ್ಟಳು. ಅದರಲ್ಲಿದ್ದದ್ದು ಅಪ್ಪನ ಸಹಿ.

ಹುಡುಗಿಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿತ್ತು. ಓಬವ್ವ ಯಾಕೆ ಕೂಗಲಿಲ್ಲ? ನಾನು ಎಷ್ಟೋ ಸಲ ಆ ಜಾಗವನ್ನು ಮನಸ್ಸಿನಲ್ಲಿ ಸುತ್ತಿ ಬಂದೆ. ಕಿಂಡಿಯಿಂದ ಒಬ್ಬ ಬರುತ್ತಿದ್ದಾನೆ, ಅವನ ಹಿಂದೆ ಇನ್ನೊಬ್ಬ. ಕೂಗಿದರೆ ಹೊರಗಿನವರೂ ಎಚ್ಚರಗೊಳ್ಳುತ್ತಾರೆ. ಗಂಡ ಎಲೆ ಬಿಟ್ಟೆದ್ದು, ಕೈ ತೊಳೆದು, ಏನು ಎತ್ತ ಎಂದು ಕೇಳಿ ಹೊರಡುವುದರೊಳಗೆ ನಾಲ್ಕು ಜನ ಒಳಗಿರುತ್ತಾರೆ. ಆ ಗಳಿಗೆಯಲ್ಲಿ ಕಿಂಡಿಯ ಬಾಯಿ ಮುಚ್ಚುವುದೇ ಸರಿ. ಹಾಗೆ ಲೆಕ್ಕ ಹಾಕಿದ ಹೆಣ್ಣಿನ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಗಂಡನ ಊಟ ಕೆಡಬಾರದೆಂಬ ಕಾರಣವನ್ನು ಮುಂದೆ ಕಥೆ ಹೇಳಿದವರು ಸೇರಿಸಿರಬೇಕು ಎಂಬುದು ನನ್ನ ಊಹೆ. ಅವಳ ಸಮಯಪ್ರಜ್ಞೆಗಿಂತ ಅವಳ ಪತಿಭಕ್ತಿಯನ್ನು ಹೇಳುವುದು ಕೇಳುವವರಿಗೆ ಹಿತವಾಗಿತ್ತೋ ಏನೋ. ಸೈನ್ಯವನ್ನು ತಡೆದವಳೂ ಕೊನೆಗೆ ಬಡಿಸುವವಳೇ ಎಂದಾದರೆ ಎಲ್ಲರಿಗೂ ನೆಮ್ಮದಿ.

ಆದರೆ ಕಥೆಯ ಕಡೆಯ ಭಾಗವನ್ನು ನಾವು ಯಾವಾಗಲೂ ಅವಸರದಲ್ಲಿ ಹೇಳಿ ಮುಗಿಸುತ್ತೇವೆ. ಕೋಟೆ ಉಳಿದದ್ದು ಒನಕೆಯೊಂದರಿಂದಲೇ ಅಲ್ಲ. ಕಹಳೆಯಿಂದಲೂ ಹೌದು. ಮುದ್ದ ಹನುಮ ಬಂದು ಕಹಳೆ ಊದದೆ, ಇನ್ನೊಂದು ಒನಕೆ ತಂದು ಹೆಂಡತಿಯ ಪಕ್ಕದಲ್ಲಿ ನಿಂತಿದ್ದರೆ, ಇಬ್ಬರೂ ದಣಿದು ಬೀಳುವ ಹೊತ್ತಿಗೆ ಕಿಂಡಿ ತೆರೆದೇ ಇರುತ್ತಿತ್ತು. ಒಬ್ಬಳು ಒಂದು ಹೊತ್ತು ಕಿಂಡಿಯನ್ನು ಕಾಯಬಹುದು. ಕೋಟೆಯನ್ನು ದಿನವೂ ಕಾಯಲಾರಳು. ಅದಕ್ಕೆ ಊರಿಗೆ ಊರೇ ಏಳಬೇಕು. ಹಾಗೆ ಏಳದೆ ಹೋದ ಒಂದು ಕಾಲ ಬಂದಾಗ ಏಳು ಸುತ್ತೂ ಸಾಲಲಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ನಾವು ಒನಕೆಯನ್ನು ಧಾರಾಳವಾಗಿ ಕೊಟ್ಟಿದ್ದೇವೆ. ಧೈರ್ಯವಾಗಿರು, ಸಹಿಸಿಕೋ, ನೀನೇ ನಿಭಾಯಿಸು, ಯಾರಿಗೂ ತೊಂದರೆ ಕೊಡಬೇಡ ಎಂದು ಕಲಿಸುತ್ತ ಬಂದಿದ್ದೇವೆ. ಕಹಳೆಯನ್ನು ಮಾತ್ರ ಗಂಡಸರ ಕೈಯಲ್ಲೇ ಬಿಟ್ಟಿದ್ದೇವೆ. ಎದೆಯಲ್ಲಿ ಗಂಟು ಕಾಣಿಸಿಕೊಂಡು ಆರು ತಿಂಗಳಾದರೂ, ಮಗನ ಪರೀಕ್ಷೆ ಮುಗಿಯಲಿ, ನಾದಿನಿಯ ಬಾಣಂತನ ಮುಗಿಯಲಿ ಎಂದು ಹೇಳದೆ ಉಳಿದವರನ್ನು ನಾನು ಬಲ್ಲೆ. ನೀವೂ ಬಲ್ಲಿರಿ. ಕಂಡವರಿಗೆ ಕರ್ತವ್ಯಗಳು ಎರಡು: ಕೈಲಾದದ್ದನ್ನು ಮಾಡುವುದು, ಮತ್ತು ಕೂಗುವುದು. ಎರಡನೆಯದು ಮೊದಲನೆಯದಕ್ಕಿಂತ ಕೀಳಲ್ಲ. ಕೂಗು ಕೇಳಿದವರಿಗೂ ಒಂದು ಕರ್ತವ್ಯವಿದೆ. ಎಲೆಯ ಮುಂದಿನಿಂದಲೇ ಆಗಲಿ, ಏಳುವುದು.

ಡ್ರಿಲ್ ಮಾಸ್ಟರಿಗೆ ಹೇಳಿ ಒಂದು ಡಜನ್ ಸೀಟಿ ತರಿಸಿದ್ದೇನೆ. ಹಸಿರು ದಾರದ ಪ್ಲಾಸ್ಟಿಕ್ ಸೀಟಿಗಳು. ನಾಲ್ಕು ಮಕ್ಕಳಿಗೊಂದರಂತೆ, ಅವರಲ್ಲೇ ಒಬ್ಬರ ಕೊರಳಿಗೆ. ಯಾರಾದರೂ ಅಂಚಿಗೆ ಹೋದರೆ, ಯಾರಿಗಾದರೂ ತಲೆ ಸುತ್ತಿದರೆ, ಯಾರಾದರೂ ಕಾಣದೆ ಹೋದರೆ, ಅಪರಿಚಿತರು ಕಾಟ ಕೊಟ್ಟರೆ, ಯೋಚಿಸದೆ ಊದಬೇಕು. ಸುಮ್ಮನೆ ಊದಿದೆಯಲ್ಲ ಎಂದು ಯಾರೂ ಬಯ್ಯುವಂತಿಲ್ಲ. ಇದು ಮಕ್ಕಳಿಗಿಂತ ಹೆಚ್ಚಾಗಿ ನಮಗೆ ನಾವೇ ಮಾಡಿಕೊಂಡ ನಿಯಮ. ತರಗತಿಯಲ್ಲಿ ಒಮ್ಮೆ ಊದಿಸಿ ನೋಡಿದೆ. ಹುಡುಗರು ಕಿವಿ ಕಿತ್ತುಹೋಗುವಂತೆ ಊದಿದರು. ಹುಡುಗಿಯರಲ್ಲಿ ಹೆಚ್ಚಿನವರು ಬಾಯಿಗೆ ಕೈ ಅಡ್ಡ ಹಿಡಿದು, ಗಾಳಿ ಹೋಯಿತೋ ಇಲ್ಲವೋ ಎಂಬಂತೆ ಊದಿ ನಕ್ಕರು. ಇನ್ನೊಮ್ಮೆ, ಜೋರಾಗಿ, ಎಂದೆ. ಮೂರನೆಯ ಸಲಕ್ಕೆ ಪಕ್ಕದ ತರಗತಿಯಿಂದ ಇಬ್ಬರು ಶಿಕ್ಷಕರು ಸೀಮೆಸುಣ್ಣ ಕೈಯಲ್ಲೇ ಹಿಡಿದು ಓಡಿ ಬಂದರು. ಏನಾಯಿತು ಮೇಡಮ್ ಎಂದರು. ಏನೂ ಆಗಿಲ್ಲ, ಬರುತ್ತೀರೋ ಇಲ್ಲವೋ ನೋಡಿದೆವು ಎಂದೆ.